ನಾಲ್ಕು ಮತಗಳಿಂದ ಸೋತಿದ್ದೇನೆ, ಹೈಕೋರ್ಟಿಗೆ ಹೋಗಬಹುದೇ?

ಗ್ರಾಮ ಪಂಚಾಯಿತಿ ಉಪಚುನಾವಣೆಯಲ್ಲಿ ನಾಲ್ಕು ಮತಗಳಿಂದ ಸೋತು ಹನ್ನೆರಡು ದಿನಗಳಾದವು, ಎಣಿಕೆಯಲ್ಲಿ ಮೋಸವಾಗಿದೆ, ಜಿಲ್ಲಾಧಿಕಾರಿಗೆ ದೂರು ಕೊಡಲೇ ಅಥವಾ ನೇರವಾಗಿ ಹೈಕೋರ್ಟಿಗೇ ಹೋಗಲೇ ಎಂದು ಕೇಳಿದ್ದೀರಿ. ನಾನು 2020ರ ಪಂಚಾಯಿತಿ ಚುನಾವಣೆಯಲ್ಲಿ ಆರು ಮತಗಳಿಂದ ಸೋತವಳು.

ಆ ವರ್ಷ ಡಿಸೆಂಬರ್ 30ರಂದು ಎಣಿಕೆ ನಡೆಯಿತು. ನಮ್ಮದು ಮತಪತ್ರದ ಚುನಾವಣೆ. ನನ್ನ ಮೈದುನ ಎಣಿಕೆ ಏಜೆಂಟನಾಗಿ ಮೇಜಿನ ಎದುರು ಕುಳಿತಿದ್ದ, ನಾನು ಅವನ ಬೆನ್ನಿಗೆ ನಿಂತಿದ್ದೆ. ತಿರಸ್ಕೃತ ಮತಗಳ ಕಟ್ಟಿಗೆ ಸೇರುತ್ತಿದ್ದ ಕೆಲವು ಪತ್ರಗಳಲ್ಲಿ ನನ್ನ ಚಿಹ್ನೆಯ ಮೇಲೆ ಮುದ್ರೆ ದಟ್ಟವಾಗಿ ಬಿದ್ದಿತ್ತು. ಶಾಯಿ ಆರುವ ಮೊದಲೇ ಮಡಿಚಿದ್ದರಿಂದ ಅದರ ಮಸುಕಾದ ಅಚ್ಚು ಇನ್ನೊಬ್ಬ ಅಭ್ಯರ್ಥಿಯ ಚಿಹ್ನೆಯ ಮೇಲೂ ಅಂಟಿಕೊಂಡಿತ್ತು. ಎರಡು ಕಡೆ ಗುರುತಿದೆ ಎಂದು ಹೇಳಿ ಅವನ್ನು ಪಕ್ಕಕ್ಕಿಟ್ಟರು. ಚುನಾವಣೆಯಲ್ಲಿ ಬಾಣದ ತುದಿಗಳಿರುವ ಮುದ್ರೆಯನ್ನು ಕೊಡುವುದೇ ಇಂಥ ಗೊಂದಲ ಆಗಬಾರದೆಂದು: ಮಡಿಕೆಯಿಂದ ಅಂಟಿದ ಅಚ್ಚಿನಲ್ಲಿ ಬಾಣಗಳು ಕನ್ನಡಿಯಲ್ಲಿ ಕಂಡಂತೆ ಹಿಮ್ಮುಖವಾಗಿರುತ್ತವೆ, ಹಾಗಾಗಿ ಮತದಾರರು ಒತ್ತಿದ್ದು ಯಾವುದು, ತಾನಾಗಿ ಮೂಡಿದ್ದು ಯಾವುದು ಎಂಬುದು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ.

ನಾವು ಕೂಗಾಡಿದೆವು, ಆದರೆ ಬರೆದು ಕೊಡಲಿಲ್ಲ. ನನ್ನ ತಪ್ಪು ಇದೊಂದೇ, ಇದನ್ನು ಎಷ್ಟು ಬಿಡಿಸಿ ಹೇಳಿದರೂ ನನಗೆ ಸಮಾಧಾನವಾಗುವುದಿಲ್ಲ. ಮರುಎಣಿಕೆಯನ್ನು ಫಲಿತಾಂಶ ಘೋಷಣೆಗೆ ಮೊದಲು, ಲಿಖಿತವಾಗಿ, ಕಾರಣ ಸಮೇತ ಕೇಳಬೇಕು. ನಾನು ಮೂರು ಸಲ ಬಾಯಲ್ಲಿ ಕೇಳಿದೆ. ಚುನಾವಣಾಧಿಕಾರಿಗಳು "ಇರಮ್ಮ, ನೋಡೋಣ" ಎಂದರು. ನೋಡುತ್ತಾರೆ ಎಂದು ನಂಬಿ ನಿಂತಿದ್ದಾಗಲೇ ಘೋಷಣೆ ಮುಗಿದುಹೋಯಿತು. ಅರ್ಜಿ ಕೊಟ್ಟಿದ್ದರೆ ಅವರು ಅದನ್ನು ಒಪ್ಪಬೇಕಿತ್ತು ಇಲ್ಲವೇ ತಿರಸ್ಕರಿಸಬೇಕಿತ್ತು, ಹೇಗಾದರೂ ಒಂದು ದಾಖಲೆ ಹುಟ್ಟುತ್ತಿತ್ತು. ಮೈದುನನ ಜೇಬಿನಲ್ಲಿ ಪೆನ್ನಿತ್ತು. ಅವನು ಮತಗಳಿಗೆ ಗೀಟು ಹಾಕಿಕೊಳ್ಳುತ್ತಿದ್ದ ಹಾಳೆಯ ಹಿಂಬದಿ ಪೂರ್ತಿ ಖಾಲಿಯಿತ್ತು. ಆ ಖಾಲಿ ಬದಿಯಲ್ಲಿ ಮೇಜಿನ ಸಂಖ್ಯೆ, ಅಂಥ ಪತ್ರಗಳ ಸಂಖ್ಯೆ, ನಮ್ಮ ಆಕ್ಷೇಪಣೆಯ ಕಾರಣ, ಹೊತ್ತು, ಸಹಿ ಇಷ್ಟನ್ನು ಬರೆಯಲು ಐದು ನಿಮಿಷ ಸಾಕಾಗಿತ್ತು.

ಇಪ್ಪತ್ತೊಂದನೆಯ ದಿನ ನಾನು ಸಿವಿಲ್ ನ್ಯಾಯಾಲಯದಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಿದೆ. ಪಾಟಿ ಸವಾಲಿನಲ್ಲಿ ಎದುರು ಪಕ್ಷದ ವಕೀಲರು ಅಂಥ ಪತ್ರಗಳು ಎಷ್ಟಿದ್ದವು ಎಂದು ಕೇಳಿದಾಗ ನಾನು ಒಂಬತ್ತು ಎಂದೆ, ಮೈದುನ ಹತ್ತು ಹನ್ನೆರಡು ಎಂದ. ಅಷ್ಟಕ್ಕೇ ಪ್ರಕರಣ ಬಿದ್ದುಹೋಯಿತು ಎನ್ನಬಹುದು, ವಿಚಾರಣೆ ಮಾತ್ರ ಎರಡೂವರೆ ವರ್ಷ ನಡೆಯಿತು. ಮತದ ಗೋಪ್ಯತೆಯನ್ನು ಕಾಪಾಡಬೇಕಾದ ನ್ಯಾಯಾಲಯ ಬರೀ ಅನುಮಾನದ ಮೇಲೆ ಮತಪತ್ರದ ಕಟ್ಟು ಬಿಚ್ಚಿಸುವುದಿಲ್ಲ, ನಿರ್ದಿಷ್ಟ ಸಂಗತಿಗಳನ್ನು ಕೇಳುತ್ತದೆ. ನನ್ನ ಅರ್ಜಿ ವಜಾ ಆದದ್ದು ಸರಿಯೆಂದೇ ಇಂದು ನನ್ನ ಅಭಿಪ್ರಾಯ, ಆ ಒಂಬತ್ತು ಮತ ನನ್ನವು ಎಂಬ ನಂಬಿಕೆಯೂ ಹಾಗೆಯೇ ಇದೆ.

ಈಗ ನಿಮ್ಮ ವಿಷಯ. ನೀವು ಕೇಳಿದ ಎರಡೂ ದಾರಿಗಳು ತಪ್ಪು. ಸಂವಿಧಾನದ 243-ಓ ವಿಧಿಯ ಪ್ರಕಾರ ಪಂಚಾಯಿತಿ ಚುನಾವಣೆಯನ್ನು ಚುನಾವಣಾ ತಕರಾರು ಅರ್ಜಿಯ ಮೂಲಕವಲ್ಲದೆ ಪ್ರಶ್ನಿಸುವಂತಿಲ್ಲ. ಆದ್ದರಿಂದ ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರೂ ಚುನಾವಣಾ ತಕರಾರು ಅರ್ಜಿಯ ದಾರಿಗೇ ಹೋಗಿ ಎನ್ನುತ್ತಾರೆ. ಜಿಲ್ಲಾಧಿಕಾರಿಗೆ ಕೊಟ್ಟ ದೂರಿನಿಂದ ಫಲಿತಾಂಶ ರದ್ದಾಗುವುದಿಲ್ಲ, ಅದರ ಉತ್ತರಕ್ಕೆ ಕಾಯುವಷ್ಟರಲ್ಲಿ ದಿನಗಳು ಮಾತ್ರ ಕಳೆಯುತ್ತವೆ. ತಕರಾರು ಅರ್ಜಿ ಹಾಕಲು 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ನಿಮಗೆ ಕೊಟ್ಟಿರುವುದು ಫಲಿತಾಂಶ ಘೋಷಣೆಯಾದಂದಿನಿಂದ 30 ದಿನ, ಅದರಲ್ಲಿ ಇನ್ನು ಹದಿನೆಂಟು ಉಳಿದಿವೆ.

ಅಂತರ ಇಷ್ಟು ಕಡಿಮೆ ಇರುವುದೇ ಮೋಸಕ್ಕೆ ಸಾಕ್ಷಿ ಎಂಬ ನಿಮ್ಮ ವಾದವನ್ನೂ ನಾನು ಒಪ್ಪುವುದಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದ ಫಲಿತಾಂಶ 40,752ಕ್ಕೆ 40,751, ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಮರುಎಣಿಕೆಯ ನಂತರ ಅಂತರ 16 ಮತಗಳಿಗೆ ನಿಂತಿತು. ನ್ಯಾಯಾಧೀಶರ ಮುಂದೆ ನೀವು "ನಾಲ್ಕೇ ಮತ" ಎಂದು ಹೇಳುವುದರಿಂದ ಏನೂ ಆಗುವುದಿಲ್ಲ, ಯಾವ ಮತ, ಎಲ್ಲಿ, ಹೇಗೆ ತಪ್ಪಾಗಿ ಎಣಿಕೆಯಾಯಿತು ಎಂಬುದನ್ನು ಹೇಳಬೇಕು.

ಧರಣಿ ಕೂರುವ ಯೋಚನೆಯಿದ್ದರೆ ಬಿಡಿ. ಇಂದು ರಾತ್ರಿಯೇ ನಿಮ್ಮ ಎಣಿಕೆ ಏಜೆಂಟರನ್ನು ಕರೆಸಿ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರನ್ನೊಬ್ಬರು ಕೇಳದಂತೆ ತಾವು ಕಂಡದ್ದನ್ನು ಬರೆಯಲು ಹೇಳಿ. ನಿಮ್ಮ ಕಡೆಯವರು ಎಣಿಕೆಯ ದಿನ ಏನಾದರೂ ಗೀಚಿಕೊಂಡಿದ್ದರೆ ಆ ಹಾಳೆಯನ್ನು ತಿದ್ದದೆ ಇದ್ದ ಹಾಗೆಯೇ ಎತ್ತಿಡಿ. ಬರಹಗಳು ತಾಳೆಯಾದರೆ ನಾಳೆ ಬೆಳಿಗ್ಗೆಯೇ ಅವುಗಳ ಸಮೇತ ತಾಲ್ಲೂಕಿನ ವಕೀಲರನ್ನು ಕಾಣಿ. ಒಬ್ಬರು ಒಂಬತ್ತು, ಇನ್ನೊಬ್ಬರು ಹನ್ನೆರಡು ಎಂದು ಬರೆದರೆ ಅರ್ಜಿ ಹಾಕಬೇಡಿ.