ಕಡಲಾಚೆ ಉಳಿದುಕೊಂಡ ‘ಡಾಕ್ಟರ್ ಹೂ’

ಪ್ರಶ್ನೆ: ಬ್ರಿಟನ್ನಿನ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿ ‘ಡಾಕ್ಟರ್ ಹೂ’ ನನಗೆ ಅಚ್ಚುಮೆಚ್ಚು. ಬಿಬಿಸಿಯ ಆನ್‌ಲೈನ್ ವೀಕ್ಷಣಾ ಸೇವೆಯಾದ ಐಪ್ಲೇಯರ್‌ನಲ್ಲಿ ಅದನ್ನು ಭಾರತದಿಂದ ನೋಡಲು ಏಕೆ ಬಿಡುವುದಿಲ್ಲ? ಅದರ ಕೆಲವು ಹಳೆಯ ಕಂತುಗಳು ಬಿಬಿಸಿಯ ಬಳಿಯೇ ಇರದೆ ಹೊರದೇಶಗಳಲ್ಲಿ ಸಿಕ್ಕವೆಂದು ಓದಿದೆ. ಅದು ಹೇಗೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಸರಳ. ಐಪ್ಲೇಯರ್ ಇರುವುದು ಬ್ರಿಟನ್ನಿನಲ್ಲಿ ಟಿವಿ ಲೈಸೆನ್ಸ್ ಶುಲ್ಕ ಕಟ್ಟುವವರಿಗಾಗಿ. ಹೊರಗಿನ ಪ್ರಸಾರದ ಹಕ್ಕುಗಳನ್ನು ಬೇರೆಯಾಗಿಯೇ ಮಾರಲಾಗುತ್ತದೆ. 2023ರಿಂದ 2025ರವರೆಗೆ ಬಂದ ಕಂತುಗಳ ಹಕ್ಕು ಬ್ರಿಟನ್ ಮತ್ತು ಐರ್ಲೆಂಡ್ ಬಿಟ್ಟು ಉಳಿದೆಡೆ ಡಿಸ್ನಿ ಪ್ಲಸ್ ಬಳಿ ಇತ್ತು.

ಎರಡನೆಯದು ಹೆಚ್ಚು ಸ್ವಾರಸ್ಯದ ಪ್ರಶ್ನೆ. 1963ರ ನವೆಂಬರ್ 23ರಂದು ಆರಂಭವಾದ ಈ ಧಾರಾವಾಹಿಯ ಮೊದಲ ವರ್ಷಗಳ ಕಂತುಗಳನ್ನು ವಿಡಿಯೊ ಟೇಪಿನಲ್ಲಿ ಮುದ್ರಿಸುತ್ತಿದ್ದರು. ಆಗ ಟೇಪು ದುಬಾರಿ. ಕಲಾವಿದರೊಂದಿಗಿನ ಒಪ್ಪಂದಗಳಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಮನೆಯಲ್ಲಿ ಕ್ಯಾಸೆಟ್ ಹಾಕಿ ನೋಡುವ ಕಾಲವಂತೂ ಇನ್ನೂ ಬಂದಿರಲಿಲ್ಲ. ಹೀಗಾಗಿ ಕಂತುಗಳನ್ನು ಅಳಿಸಿ ಅದೇ ಟೇಪನ್ನು ಮತ್ತೆ ಬಳಸಿದರು. ಆದರೆ ಅಳಿಸುವ ಮೊದಲು, ವಿದೇಶಿ ಕೇಂದ್ರಗಳಿಗೆ ಮಾರಲೆಂದು ಪರದೆಯ ಮೇಲೆ ಮೂಡುವ ಚಿತ್ರವನ್ನು 16 ಮಿ.ಮೀ. ಫಿಲ್ಮಿಗೆ ಇಳಿಸಿಕೊಳ್ಳುತ್ತಿದ್ದರು. ನ್ಯೂಜಿಲೆಂಡ್, ಆಸ್ಟ್ರೇಲಿಯಾ, ಹಾಂಕಾಂಗ್, ನೈಜೀರಿಯಾಗಳ ವೀಕ್ಷಕರು ನೋಡಿದ್ದು ಈ ಪ್ರತಿಗಳನ್ನೇ. ಪ್ರಸಾರ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕಿತ್ತು, ನಾಶಪಡಿಸಬೇಕಿತ್ತು ಇಲ್ಲವೇ ಮತ್ತೊಂದು ದೇಶದ ಕೇಂದ್ರಕ್ಕೆ ಕಳುಹಿಸಬೇಕಿತ್ತು. ಲಂಡನ್ನಿಗೆ ಮರಳಿದವುಗಳಲ್ಲಿ ಬಹಳಷ್ಟನ್ನು, ಮಾರಾಟದ ಅವಧಿ ಮುಗಿಯಿತೆಂದು 1970ರ ದಶಕದಲ್ಲಿ ಬಿಬಿಸಿಯವರೇ ಎಸೆದರು. ನಿಯಮ ಪಾಲಿಸಿದ ಕೇಂದ್ರಗಳಿಂದ ನಷ್ಟವಾಯಿತು, ಕಪಾಟಿನಲ್ಲಿಟ್ಟು ಮರೆತವರಿಂದ ಲಾಭವಾಯಿತು ಎನ್ನದೆ ವಿಧಿಯಿಲ್ಲ.

1967ರ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಕಥೆಯ ನಾಲ್ಕೂ ಕಂತುಗಳು ಹಾಂಕಾಂಗಿನಿಂದ ಬಂದು 1992ರಲ್ಲಿ ವಿಡಿಯೊ ಕ್ಯಾಸೆಟ್ಟಾಗಿ ಬಿಡುಗಡೆಯಾದವು. ನೈಜೀರಿಯಾದ ಜೋಸ್ ನಗರದಲ್ಲಿ ಸಿಕ್ಕ ಒಂಬತ್ತು ಕಂತುಗಳ ಸುದ್ದಿ 2013ರ ಅಕ್ಟೋಬರಿನಲ್ಲಿ ಹೊರಬಿತ್ತು. ಧಾರಾವಾಹಿಯ ನಾಯಕ ‘ಡಾಕ್ಟರ್’ನ ಪಾತ್ರಧಾರಿಗಳಲ್ಲಿ ಎರಡನೆಯವರಾದ ಪ್ಯಾಟ್ರಿಕ್ ಟ್ರಾಟನ್ ನಟಿಸಿದ ‘ದಿ ಎನಿಮಿ ಆಫ್ ದಿ ವರ್ಲ್ಡ್’ ಇದರಿಂದ ಪೂರ್ಣಗೊಂಡಿತು. ಅದರೊಂದಿಗೆ ಸಿಕ್ಕ ‘ದಿ ವೆಬ್ ಆಫ್ ಫಿಯರ್’ ಕಥೆಯಲ್ಲಿ ಮೂರನೆಯ ಕಂತು ಮಾತ್ರ ಇರಲಿಲ್ಲ.

ಆಸ್ಟ್ರೇಲಿಯಾದ ಕಥೆ ಇನ್ನೂ ವಿಚಿತ್ರ. ಮಕ್ಕಳು ಹೆದರುತ್ತಾರೆಂದು ಅಲ್ಲಿನ ಸೆನ್ಸಾರ್‌ನವರು ಕತ್ತರಿಸಿದ ಫಿಲ್ಮ್ ತುಣುಕುಗಳು ಸರ್ಕಾರಿ ದಾಖಲೆಗಳ ನಡುವೆ ಉಳಿದಿದ್ದು, 1996ರಲ್ಲಿ ಅಭಿಮಾನಿಗಳ ಕಣ್ಣಿಗೆ ಬಿದ್ದವು. ಪರಿಣಾಮವಾಗಿ, ಕಳೆದುಹೋದ ಕೆಲವು ಕಂತುಗಳಲ್ಲಿ ಯಾವ ಕ್ಷಣಗಳನ್ನು ಯಾರೂ ನೋಡಬಾರದೆಂದು ತೆಗೆದರೋ ಅವನ್ನೇ ಇಂದು ನೋಡಬಹುದು, ಉಳಿದದ್ದನ್ನಲ್ಲ!

ಇಂದಿಗೂ 90ಕ್ಕೂ ಹೆಚ್ಚು ಕಂತುಗಳ ದೃಶ್ಯಗಳಿಲ್ಲ. ಆದರೆ ಪ್ರಸಾರದ ವೇಳೆ ಬ್ರಿಟನ್ನಿನ ಅಭಿಮಾನಿಗಳು ಮನೆಯಲ್ಲೇ ಟೇಪ್ ರೆಕಾರ್ಡರ್ ಇಟ್ಟು ಧ್ವನಿಮುದ್ರಿಸಿಕೊಂಡಿದ್ದರಿಂದ ಎಲ್ಲ ಕಂತುಗಳ ಧ್ವನಿ ಉಳಿದಿದೆ. ಅದಕ್ಕೆ ಅನಿಮೇಷನ್ ಜೋಡಿಸಿದ ಹಲವು ಕಥೆಗಳು ಡಿವಿಡಿಯಲ್ಲಿ ಬಂದಿವೆ. ‘ದಿ ವೆಬ್ ಆಫ್ ಫಿಯರ್’ನ ಆ ಮೂರನೆಯ ಕಂತೂ 2021ರಲ್ಲಿ ಹಾಗೆಯೇ ಹೊರಬಂದಿದ್ದು, ತಾವು ಹುಡುಕಲು ಅದರಿಂದಲೇ ಆರಂಭಿಸಬಹುದು.