ಸಂಪಾದಕರ ಉತ್ತರ: ಗಿರಣಿಯ ಗೋಡೆಯನ್ನು ಕೆದಕಿದ್ದು ಯಾರ ತಪ್ಪು?

ಪ್ರಿಯ ಓದುಗರೇ,

ನಿಮ್ಮ ಪತ್ರದ ಸಾರವನ್ನು ಮೊದಲು ಉಳಿದವರ ಮುಂದಿಡುತ್ತೇನೆ. ಹಳೆಯ ಬಟ್ಟೆ ಗಿರಣಿಯೊಂದರ ಬಳಿ ಜಿಯೋಕ್ಯಾಶ್, ಅಂದರೆ ಜಿಪಿಎಸ್ ನೆರವಿನಿಂದ ಇತರರು ಹುಡುಕಲೆಂದು ಆಟಗಾರರು ಬಚ್ಚಿಟ್ಟ ಡಬ್ಬಿ, ಇದೆಯೆಂದು ತಿಳಿದು ಮಗನೊಂದಿಗೆ ಹುಡುಕಲು ಹೋಗಿದ್ದಿರಿ. ಮೊಬೈಲಿನ ಬಾಣ ಗಿರಣಿಯ ಹಿಂಗೋಡೆಯನ್ನು ತೋರಿಸಿತು. ಅಲ್ಲಿ ನಿಮಗಿಂತ ಮೊದಲು ಬಂದವರು ಕಲ್ಲುಗಳ ಸಂದಿಯನ್ನು ಕೆದಕಿದ್ದರು. ಬುಡದಲ್ಲಿ ಗಾರೆಯ ಪುಡಿ ಬಿದ್ದಿತ್ತು. ನೀವು ಏನನ್ನೂ ಮುಟ್ಟದೆ ಹಿಂದಿರುಗಿದಿರಿ. ಡಬ್ಬಿ ಗೋಡೆಯಲ್ಲಿ ಇರಲೇ ಇಲ್ಲ, ಪಕ್ಕದ ಕಬ್ಬಿಣದ ಕಂಬಿಗೆ ಅಯಸ್ಕಾಂತದಿಂದ ಅಂಟಿಕೊಂಡಿತ್ತು ಎಂಬುದು ಆಮೇಲೆ ತಿಳಿಯಿತು. ತಪ್ಪು ಬಚ್ಚಿಟ್ಟವರದೋ ಹುಡುಕಿದವರದೋ, ಇಂತಹ ಕಟ್ಟಡಗಳ ಬಳಿ ಈ ಆಟವನ್ನೇ ನಿಲ್ಲಿಸಬಾರದೇ ಎಂದು ಕೇಳಿದ್ದೀರಿ.

ತಪ್ಪಿನ ದೊಡ್ಡ ಪಾಲು ಬಚ್ಚಿಟ್ಟವರದು. ಆದರೆ ಆಟ ನಿಲ್ಲಬೇಕೆಂದು ನನಗೆ ಅನ್ನಿಸುವುದಿಲ್ಲ.

2000ದ ಮೇ ತಿಂಗಳ ಆರಂಭದವರೆಗೆ ಅಮೆರಿಕ ಸರ್ಕಾರ ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ದೋಷ ಬೆರೆಸುತ್ತಿತ್ತು. ಅದನ್ನು ತೆಗೆದುಹಾಕಿದ ಕೂಡಲೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಈ ಆಟ ಹುಟ್ಟಿದ್ದು ಹಾಗೆ. ಆದರೆ ಸಂಕೇತ ಸುಧಾರಿಸಿದ ಮಾತ್ರಕ್ಕೆ ಬಾಣ ಬೆರಳಿಟ್ಟು ತೋರಿಸುವುದಿಲ್ಲ. ಬಯಲಿನಲ್ಲಿಯೂ ಮೊಬೈಲ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಎತ್ತರದ ಗೋಡೆಯ ಬಳಿ ಅರ್ಧ ಆಕಾಶವೇ ಮರೆಯಾಗುತ್ತದೆ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತುಬಳಸಿ ಬರುವುದರಿಂದ ಲೆಕ್ಕ ಇನ್ನಷ್ಟು ತಪ್ಪುತ್ತದೆ. ಗಿರಣಿಗಳಂತೂ ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದ ಕಟ್ಟಡಗಳು. ಒಂದೇ ಜಲಚಕ್ರದ ಶಕ್ತಿಯನ್ನು ದಂಡಗಳ ಮೂಲಕ ಎಲ್ಲ ಮಹಡಿಗಳ ಯಂತ್ರಗಳಿಗೂ ಒಯ್ಯಲು ಹಾಗೆ ಕಟ್ಟುತ್ತಿದ್ದರು. ಅಂತಹ ಗೋಡೆಯ ನೆರಳಿನಲ್ಲಿ ಡಬ್ಬಿ ಇಟ್ಟವರಿಗೆ, ಹುಡುಕುವವರ ಕೈ ಮೊದಲು ಗೋಡೆಗೇ ಹೋಗುತ್ತದೆ ಎಂಬ ಅಂದಾಜು ಇರಬೇಕಿತ್ತು. "ಗೋಡೆಯಲ್ಲಿಲ್ಲ, ಕಲ್ಲು ಮುಟ್ಟಬೇಡಿ" ಎಂದು ಸುಳಿವಿನಲ್ಲಿ ಒಂದು ಸಾಲು ಬರೆದಿದ್ದರೆ ಆ ಗಾರೆ ಉಳಿಯುತ್ತಿತ್ತು.

ಗಾರೆ ಪುಡಿಯಾದದ್ದು ಸಣ್ಣ ಸಂಗತಿಯಲ್ಲ. ಹಳೆಯ ಕಟ್ಟಡಗಳ ಸುಣ್ಣದ ಗಾರೆ ಕಲ್ಲಿಗಿಂತ ಮೆದು. ಗೋಡೆ ಕುಳಿತುಕೊಳ್ಳುವಾಗಿನ ಒತ್ತಡವನ್ನು ಅದು ತಾನೇ ತಾಳಿಕೊಳ್ಳುತ್ತದೆ, ಗೋಡೆಯೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದನ್ನು ಕೀಲಿಕೈಯಿಂದ ಕೆದಕಬಹುದು. ಒಮ್ಮೆ ಸಂದಿ ತೆರೆದರೆ ಮಳೆನೀರು ಒಳಗಿಳಿಯುತ್ತದೆ. ಅವಸರದಲ್ಲಿ ಸಿಮೆಂಟ್ ಮೆತ್ತಿದರೆ ತೇವಕ್ಕೆ ಹೊರದಾರಿ ಇಲ್ಲದೆ ಕಲ್ಲೇ ಸಿಪ್ಪೆಯೇಳತೊಡಗುತ್ತದೆ.

ನೆಲವನ್ನೂ ಅಗೆಯಬಾರದು. ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಆರಂಭಿಸಿದ ಹತ್ತಿ ನೂಲುವ ಗಿರಣಿಯನ್ನೇ ನೋಡಿ. ಹತ್ತಿಯ ಕಾಲ ಮುಗಿದ ಮೇಲೆ ಆ ಆವರಣದಲ್ಲಿ ಬಣ್ಣ ತಯಾರಿಸುವ ಕಾರ್ಖಾನೆ ನಡೆಯಿತು. ಅದು ಬಿಟ್ಟುಹೋದ ಸೀಸದ ವಿಷವನ್ನು ತೆಗೆಯುವುದೇ ಸಂರಕ್ಷಕರಿಗೆ ದೊಡ್ಡ ಕೆಲಸವಾಯಿತು. ಗಿರಣಿಯ ಮಣ್ಣಿನಲ್ಲಿ ಏನಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಮಕ್ಕಳ ಕೈಗೆ ಅದು ಸಿಗಬಾರದು. ನೀರಿನ ಕಾಲುವೆ, ತೂಬುಗಳ ಬಳಿಯೂ ಅಷ್ಟೇ ಎಚ್ಚರ ಬೇಕು.

ಹಾಗಿದ್ದರೂ ಆಟ ಇರಲಿ ಎನ್ನುವುದೇಕೆ? ಈ ಆಟಗಾರರಷ್ಟು ನಿಧಾನವಾಗಿ ಹಳೆಯ ಕಟ್ಟಡವನ್ನು ನೋಡುವ ಪ್ರವಾಸಿಗರು ಕಡಿಮೆ. ಹಲವು ಹಂತಗಳ ಮಲ್ಟಿ ಕ್ಯಾಶ್ ಎಂಬ ಬಗೆಯೊಂದಿದೆ; ಗಿರಣಿಗಳಿಗೆ ಅದೇ ಒಪ್ಪುವಂಥದ್ದು. ಬಾಗಿಲ ಮೇಲಿನ ಇಸವಿಯ ಕೊನೆಯ ಅಂಕಿ, ಎರಡನೆಯ ಮಹಡಿಯ ಕಿಟಕಿಗಳ ಸಂಖ್ಯೆ, ಗಂಟೆಗೋಪುರದ ಕಮಾನುಗಳು, ಇವನ್ನು ಎಣಿಸಿ ಕೂಡಿಸಿದರೆ ಮುಂದಿನ ಜಾಗದ ಅಕ್ಷಾಂಶ ಸಿಗಬೇಕು. ಡಬ್ಬಿ ಮಾತ್ರ ಗಿರಣಿಯಿಂದ ದೂರ, ಜಾಗದ ಒಡೆಯರ ಒಪ್ಪಿಗೆ ಪಡೆದ ಕಡೆ ಇರಬೇಕು. ಇಷ್ಟೊಂದು ಕಿಟಕಿ ಏಕೆ ಎಂದು ಎಣಿಸುವ ಮಗು ಕೇಳಿಯೇ ಕೇಳುತ್ತದೆ. ಅಗಲವಾದ ಮಹಡಿಗಳಲ್ಲಿ ಕಡಿದ ಎಳೆಯನ್ನು ಕಂಡು ಮತ್ತೆ ಹೊಸೆಯಲು ಹಗಲ ಬೆಳಕೇ ಬೇಕಿತ್ತು ಎಂದು ನೀವು ಹೇಳಬಹುದು. ಹಾಗೆ ಎಳೆ ಹೊಸೆದವರಲ್ಲಿ ನಿಮ್ಮ ಮಗನ ವಯಸ್ಸಿನವರೂ ಇದ್ದರು ಎಂಬುದನ್ನೂ ಹೇಳಿ. ಆ ಮಕ್ಕಳ ದುಡಿಮೆ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಹುಡುಕುವವರಿಗೂ ಹೊಣೆಯಿದೆ. ಏನನ್ನಾದರೂ ಮುರಿದು, ಎಳೆದು, ಅಗೆದು ತೆಗೆಯಬೇಕಾಗಿ ಬಂದರೆ ನೀವು ತಪ್ಪು ಜಾಗದಲ್ಲಿದ್ದೀರಿ ಎಂದೇ ಅರ್ಥ. ಸುಸ್ಥಿತಿಯಲ್ಲಿರುವ ಕಲ್ಲನ್ನು ಯಾವ ಪ್ರಾಮಾಣಿಕ ಆಟಗಾರನೂ ಕೀಳಲು ಹೇಳುವುದಿಲ್ಲ.

ಈಗ ನೀವು ಮಾಡಬೇಕಾದ್ದು ಇಷ್ಟು. ಗೋಡೆಗೆ ಆದ ಹಾನಿಯನ್ನು ಫೋಟೋ ಸಮೇತ ಡಬ್ಬಿಯ ಮಾಲೀಕರಿಗೆ ತಿಳಿಸಿ. ಅವರು ಕಿವಿಗೊಡದಿದ್ದರೆ ಆಟದ ಸ್ವಯಂಸೇವಕ ಪರಿಶೀಲಕರಿಗೆ ಬರೆಯಿರಿ. ಡಬ್ಬಿಯನ್ನು ಪಟ್ಟಿಯಿಂದ ತೆಗೆಯುವ ಅಧಿಕಾರ ಅವರಿಗಿದೆ. ಗಿರಣಿಯನ್ನು ನೋಡಿಕೊಳ್ಳುವವರಿಗೂ ಅದೇ ಫೋಟೋ ತಲುಪಲಿ, ಮಳೆಗಾಲಕ್ಕೆ ಮೊದಲು ಅವರು ಸುಣ್ಣದ ಗಾರೆಯಿಂದಲೇ ಸಂದಿ ತುಂಬಿಸಬಹುದು. ನೀವು ಕಳಿಸಿದ ಅಕ್ಷಾಂಶ ರೇಖಾಂಶಗಳನ್ನು ಆ ಕೆಲಸ ಮುಗಿಯುವವರೆಗೆ ನಾವು ಪತ್ರಿಕೆಯಲ್ಲಿ ಅಚ್ಚು ಮಾಡುವುದಿಲ್ಲ.

ಸಂಪಾದಕ