ಸರ್ಕಸ್ ಕಲಿಸುವ ಚರ್ಚು

ಓದುಗರ ಪತ್ರ: “ಮೂರು ತಿಂಗಳು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಗನ ಮನೆಯಲ್ಲಿದ್ದು ಬಂದೆ. ಅಲ್ಲಿ ಸೇಂಟ್ ಪಾಲ್ ಎಂಬ ಹಳೆಯ ಚರ್ಚಿನೊಳಗೆ ಈಗ ಸರ್ಕಸ್ ಕಲಿಸುತ್ತಾರೆ. ಹುಡುಗ ಹುಡುಗಿಯರು ಹಗ್ಗ ಹಿಡಿದು ಜೋತಾಡುತ್ತಿದ್ದರು. ನನಗಂತೂ ಖುಷಿಯಾಯಿತು. ನಮ್ಮನ್ನು ಆಳಿದವರ ಧರ್ಮ ಅವರ ಊರಲ್ಲೇ ಮುಗಿಯುತ್ತಿದೆ. ಕ್ರೈಸ್ತ ಧರ್ಮ ಕಡಿಮೆಯಾದಷ್ಟೂ ಸಮಾಜಕ್ಕೆ ಒಳ್ಳೆಯದು, ವಿಜ್ಞಾನ ಬೆಳೆಯುತ್ತದೆ, ಜಗಳ ಕಡಿಮೆಯಾಗುತ್ತದೆ. ನೀವೇನಂತೀರಿ?”
- ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು, ಜಮಖಂಡಿ

ಸಂಪಾದಕರ ಉತ್ತರ:

ಮಾಸ್ತರರೇ, ನಮಸ್ಕಾರ. ನಾಲ್ಕು ಸಾಲಿನಲ್ಲಿ ಉತ್ತರ ಬರೆದು ಮುಗಿಸೋಣ ಅಂದುಕೊಂಡು ಕೂತೆ. ಆಗಲಿಲ್ಲ. ಹೀಗಾಗಿ ಈ ಸಲ ಅಡುಗೆ ಅಂಕಣಕ್ಕೆ ಜಾಗ ಇಲ್ಲ. ಬೈಯುವವರು ಮಾಸ್ತರರನ್ನು ಬೈಯಬೇಕು, ನನ್ನನ್ನಲ್ಲ.

ಮೊದಲು ನಿಮ್ಮ ಮಾತಿನಲ್ಲಿ ಸರಿ ಇದ್ದದ್ದನ್ನು ಒಪ್ಪಿಬಿಡುತ್ತೇನೆ. ಲೆಕ್ಕ ನಿಮ್ಮ ಕಡೆಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2001ರ ಜನಗಣತಿಯಲ್ಲಿ 100ಕ್ಕೆ ಸುಮಾರು 72 ಮಂದಿ ‘ನಾವು ಕ್ರೈಸ್ತರು’ ಅಂತ ಬರೆಸಿದ್ದರು. 2021ಕ್ಕೆ ಅದು 46ಕ್ಕೆ ಇಳಿಯಿತು. ‘ಯಾವ ಧರ್ಮವೂ ಇಲ್ಲ’ ಅಂದವರು 37. ಚರ್ಚಿನ ಪಾಪದ ಪಟ್ಟಿಯೂ ಸಣ್ಣದಲ್ಲ. ಗೆಲಿಲಿಯೋನನ್ನು 1633ರಲ್ಲಿ ತಪ್ಪಿತಸ್ಥ ಅಂದವರು, ತಪ್ಪು ನಮ್ಮದೇ ಅನ್ನಲು 1992ರ ತನಕ ತಗೊಂಡರು. ಬೆಳಗಾವಿಯಿಂದ ಘಟ್ಟ ಇಳಿದರೆ ಗೋವಾ. ಅಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದರು ಅಂತ ಜನರನ್ನು ಹಿಡಿದು ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಪೂರ್ತಿ ನಿಂತದ್ದು 1812ರಲ್ಲಿ. ಸರಿ, ಇಷ್ಟಾಯಿತು.

ಈಗ ನನ್ನ ಸರದಿ. ನೀವು ವಿಜ್ಞಾನ ಕಲಿಸಿದವರು. ಒಂದು ಪಾತ್ರೆಯೊಳಗಿನ ಗಾಳಿ ತೆಗೆದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ ಅಂತ ಎಷ್ಟು ವರ್ಷ ಹುಡುಗರಿಗೆ ತೋರಿಸಿದ್ದೀರಿ? ಪತ್ರ ಬರೆಯುವಾಗ ಮಾತ್ರ ಅದನ್ನು ಮರೆತಿರಿ. ಚರ್ಚು ಖಾಲಿಯಾಯಿತು ಅಂತ ಬರೆದಿರಿ, ಅಲ್ಲಿ ಏನು ಬಂದು ಕೂತಿತು ಅಂತ ನೋಡಲಿಲ್ಲ. ಸರ್ಕಸ್ ಬಂತು, ಒಳ್ಳೆಯದೇ. ಎಲ್ಲ ಕಡೆ ಸರ್ಕಸ್ಸೇ ಬರುವುದಿಲ್ಲವಲ್ಲ.

ಮಾಸ್ಕೋದ ಕಥೆ ಕೇಳಿ. ಅಲ್ಲಿ ನದಿ ದಂಡೆಯಲ್ಲಿ ಒಂದು ದೊಡ್ಡ ಚರ್ಚಿತ್ತು. 1931ರಲ್ಲಿ ಸ್ಟಾಲಿನ್ನನ ಸರ್ಕಾರ ಅದನ್ನು ಸಿಡಿಮದ್ದು ಇಟ್ಟು ಉರುಳಿಸಿತು. ಆ ಜಾಗದಲ್ಲಿ ಸೋವಿಯತ್ತರ ಅರಮನೆ ಕಟ್ಟುತ್ತೇವೆ ಅಂದರು. ಅರಮನೆ ಮೇಲೇಳಲೇ ಇಲ್ಲ. ಬರೇ ಗುಂಡಿ ಉಳಿಯಿತು. 1960ರಲ್ಲಿ ಆ ಜಾಗದಲ್ಲಿ ಈಜುಕೊಳ ಮಾಡಿದರು. ಕೊನೆಗೆ ಸೋವಿಯತ್ತೇ ಮುಗಿದು, 2000ದಲ್ಲಿ ಅದೇ ಜಾಗದಲ್ಲಿ ಅದೇ ಚರ್ಚು ಮತ್ತೆ ಎದ್ದಿತು. ನಡುವೆ ಹೋದ ಜೀವಗಳಿಗೆ ಲೆಕ್ಕ ಕೊಡುವವರು ಯಾರೂ ಇಲ್ಲ. ಧರ್ಮ ಹೋದರೆ ಜಗಳ ಹೋಗುತ್ತದೆ ಅನ್ನುವ ನಿಮ್ಮ ಸೂತ್ರ ಅಲ್ಲಿಗೆ ಯಾಕೆ ಹೊಂದಲಿಲ್ಲ?

ಡೆನ್ಮಾರ್ಕ್ ಇಲ್ವಾ, ಚರ್ಚಿಗೆ ಯಾರೂ ಹೋಗದಿದ್ದರೂ ದೇಶ ಚೆನ್ನಾಗಿದೆಯಲ್ಲ ಅಂತ ನೀವು ಕೇಳುತ್ತೀರಿ. ಚೆನ್ನಾಗಿದೆ. ಆದರೆ ಅಲ್ಲಿ ಇವತ್ತಿಗೂ 100ಕ್ಕೆ ಸುಮಾರು 70 ಮಂದಿ ಚರ್ಚಿನ ಸದಸ್ಯರು, ಸಂಬಳದಲ್ಲಿ ಚರ್ಚಿನ ತೆರಿಗೆ ಕಟ್ಟುತ್ತಾರೆ. ಹೋಗುವುದಿಲ್ಲ, ಕಟ್ಟುತ್ತಾರೆ. ನಮ್ಮಲ್ಲಿ ಗುಡಿಗೆ ತಪ್ಪದೇ ಹೋಗುವವರು ವಂತಿಗೆ ಪಟ್ಟಿ ಕೇಳಲು ಬಂದ ದಿನ ಮನೆಯಲ್ಲಿರುವುದಿಲ್ಲ. ಇನ್ನು ನೀವು ಹೋಗಿದ್ದ ಇಂಗ್ಲೆಂಡಿನದೇ ಮಾತು. ಅಲ್ಲಿ ಹಸಿದವರಿಗೆ ದಿನಸಿ ಕೊಡುವ ಫುಡ್ ಬ್ಯಾಂಕುಗಳ ಅತಿ ದೊಡ್ಡ ಜಾಲ ಟ್ರಸ್ಸೆಲ್ ಟ್ರಸ್ಟ್. 2000ದಲ್ಲಿ ಸಾಲಿಸ್ಬರಿಯಲ್ಲಿ ಅದರ ಮೊದಲ ಫುಡ್ ಬ್ಯಾಂಕು ಶುರು ಮಾಡಿದವರು ಏಸುವನ್ನು ನಂಬುವ ಗಂಡ ಹೆಂಡತಿ. ಈಗಲೂ ಎಷ್ಟೋ ಕಡೆ ಚರ್ಚಿನ ಸಭಾಂಗಣದಲ್ಲೇ ಅಕ್ಕಿ, ಡಬ್ಬಿ ಜೋಡಿಸಿಡುತ್ತಾರೆ. ಆ ಸಭಾಂಗಣದಲ್ಲೂ ಸರ್ಕಸ್ ಹಾಕಿದರೆ ಡಬ್ಬಿ ಎಲ್ಲಿ ಇಡೋದು?

ಪುಸ್ತಕದ ಮಾತು ಸಾಕು. ಇದನ್ನು ಇಲ್ಲಿಯ ತನಕ ಎಲ್ಲೂ ಬರೆದಿಲ್ಲ. ನನಗಾಗ ಹತ್ತು ವರ್ಷ. ನನ್ನ ಸೋದರಮಾವನಿಗೆ ದೊಡ್ಡ ರೋಗ, ಅಂದರೆ ಕುಷ್ಠ. ಅಜ್ಜಿ ಅವನ ಗಂಗಾಳ, ಚರಿಗೆ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಳು. ಹೆತ್ತ ಮಗ. ಅಪ್ಪ ಅವನ ಕಾಲಿಗೆ ಟವೆಲ್ ಸುತ್ತಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಬೆಳಗಾವಿ ಕಡೆಯ ಒಂದು ಮಿಷನ್ ದವಾಖಾನೆಗೆ ಹೋದ. ನಾನು ಜೊತೆಗೆ. ಅಲ್ಲಿ ಸಿಸ್ಟರ್ ಒಬ್ಬಳು ಗಿಡ್ಡ ಸ್ಟೂಲಿನ ಮೇಲೆ ಕೂತು, ಮಾವನ ಕಾಲನ್ನು ಎತ್ತಿ ತನ್ನ ತೊಡೆ ಮೇಲೆ ಇಟ್ಟುಕೊಂಡಳು. ಹಳೆ ಬಟ್ಟೆ ಗಾಯಕ್ಕೆ ಅಂಟಿತ್ತು. ಅವಳು ಎಳೆಯಲಿಲ್ಲ. ಬಿಸಿನೀರು ಹನಿಸಿ ಹನಿಸಿ ಸಡಿಲ ಮಾಡಿದಳು. ಅದಕ್ಕೇ ಕಾಲು ಗಂಟೆ ಹಿಡಿಯಿತು. ನಾಲ್ಕು ವರ್ಷ ಯಾರೂ ಬರಿಗೈಯಲ್ಲಿ ಮುಟ್ಟದ ಕಾಲು ಅದು. ಮಾವ ಗೋಡೆ ಕಡೆ ಮುಖ ಮಾಡಿ ಅಳುತ್ತಿದ್ದ. ನೋವಿಗಲ್ಲ. ಆ ಕಾಲಿಗೆ ನೋವೇ ಗೊತ್ತಾಗುತ್ತಿರಲಿಲ್ಲ.

ಮತಾಂತರ ಮಾಡಿದರಾ ಅಂತ ಕೇಳಬೇಡಿ, ಎಲ್ಲರೂ ಅದನ್ನೇ ಕೇಳುತ್ತಾರೆ. ಗೋಡೆ ಮೇಲೆ ಏಸುವಿನ ಕ್ಯಾಲೆಂಡರ್ ಇತ್ತು, ಅಷ್ಟೇ. ಮಾವ ಸಾಯುವ ತನಕ ಕೊರಳಲ್ಲಿ ಲಿಂಗ ಕಟ್ಟಿಕೊಂಡೇ ಇದ್ದ. ಅಂದಹಾಗೆ, 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲಿ ಕ್ರೈಸ್ತರು 100ಕ್ಕೆ ಇಬ್ಬರೂ ಇಲ್ಲ. ಖಣ ನೇಯುವ ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ 1851ರಲ್ಲೇ ಬಂದಿತ್ತು. ಅಷ್ಟು ವರ್ಷ ಇದ್ದೂ ಇಷ್ಟೇ. ಇದರಲ್ಲಿ ಇನ್ನೆಷ್ಟು ಕಡಿಮೆ ಮಾಡಬೇಕು ನಿಮಗೆ?

ಮಿಷನ್ನಿನವರು ದೇವತೆಗಳು ಅಂತ ನಾನು ಹೇಳುತ್ತಿಲ್ಲ. ವಿಜಯಪುರದಲ್ಲಿ ಎಲ್ಲರ ಬಾಯಲ್ಲಿರುವ ಒಂದು ಕಥೆ ನಿಮಗೂ ಗೊತ್ತು. ಫ.ಗು. ಹಳಕಟ್ಟಿಯವರು ವಚನಗಳ ಕಟ್ಟನ್ನು ಮಂಗಳೂರಿನ ಮಿಷನ್ ಪ್ರೆಸ್ಸಿಗೆ ಕಳಿಸಿದರಂತೆ. ಇದನ್ನು ಅಚ್ಚು ಹಾಕಿದರೆ ನಮ್ಮ ಪ್ರಚಾರಕ್ಕೆ ಏಟು ಅಂತ ಅವರು ವಾಪಸ್ ಕಳಿಸಿದರಂತೆ. ಹಳಕಟ್ಟಿಯವರು ಏನು ಮಾಡಿದರು? ಆ ಪ್ರೆಸ್ಸು ಮುಳುಗಲಿ ಅಂತ ಕಾಯುತ್ತ ಕೂತರಾ? ‘ವಚನಶಾಸ್ತ್ರಸಾರ’ 1923ರಲ್ಲಿ ಬಂತು. ಹಿತಚಿಂತಕ ಅಂತ ತಮ್ಮದೇ ಪ್ರೆಸ್ಸು ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರು ಮಾಡಿದರು. ಎದುರಾಳಿ ಒಬ್ಬ ಇದ್ದದ್ದರಿಂದ ನಮ್ಮವರು ಮೈಮುರಿದು ದುಡಿದರು. ನನಗಂತೂ ಹಾಗನ್ನಿಸುತ್ತದೆ.

ಕಿಟ್ಟೆಲ್‌ನನ್ನು ಬಿಡಲಿ ಹೇಗೆ? 1853ರಲ್ಲಿ ಈ ದೇಶಕ್ಕೆ ಬಂದಾಗ 21 ವರ್ಷದ ಹುಡುಗ. ಬಂದದ್ದು ಏಸುವಿನ ಮಾತು ಹೇಳಲಿಕ್ಕೆ, ಅದು ನನಗೂ ಗೊತ್ತು. 1894ರಲ್ಲಿ ಹೊರಬಂದ ಅವನ ನಿಘಂಟಿನಲ್ಲಿ ಸುಮಾರು 70,000 ಪದ. ನಮ್ಮ ಕಚೇರಿಯ ಪ್ರತಿಯ ಬೆನ್ನು ಹರಿದಿದೆ, ಗೋಂದು ಹಚ್ಚಿ ಹಚ್ಚಿ ಇಟ್ಟಿದ್ದೇನೆ. ಹೊಸದಾಗಿ ಬಂದ ಎಂ.ಎ. ಮಾಡಿದ ಹುಡುಗ ಅದನ್ನು ಒಮ್ಮೆಯೂ ತೆರೆದಿಲ್ಲ. ಹೋದ ತಿಂಗಳು ‘ಚಂದಾದಾರರ ಸಂಖ್ಯೆ’ ಅನ್ನುವುದನ್ನು ‘ಚಂದಾದಾರರ ಶಂಕೆ’ ಅಂತ ಅಚ್ಚಿಗೆ ಕಳಿಸಿದ. ಶಂಕೆ ಇರುವುದು ನಿಜ, ಹಾಗಂತ ಅಚ್ಚು ಹಾಕಲಿಕ್ಕಾಗುತ್ತದಾ?

ಎಲ್ಲಿಂದ ಎಲ್ಲಿಗೋ ಬಂದೆ. ಆದರೂ ಇದು ಅದೇ ಮಾತು. ನೀವು ಸಂತೋಷಪಡುತ್ತಿರುವುದು ಬ್ರಿಸ್ಟಲ್‌ನ ಬಾಗಿಲು ಮುಚ್ಚಿದ್ದಕ್ಕೆ. ನಮ್ಮ ಓಣಿಯಲ್ಲಿ ಮುಚ್ಚಿದ ಬಾಗಿಲುಗಳನ್ನು ಎಣಿಸಿದ್ದೀರಾ? ನಮ್ಮ ಹನುಮಪ್ಪನ ಗುಡಿಯಲ್ಲಿ ಶನಿವಾರ ರಾತ್ರಿ ಭಜನೆ ಇರುತ್ತಿತ್ತು. ಓಣಿಯಲ್ಲಿ ಯಾರಾದರೂ ಸತ್ತರೆ ಭಜನೆಯವರೇ ರಾತ್ರಿಯಿಡೀ ಹೆಣದ ಮುಂದೆ ಕೂರುತ್ತಿದ್ದರು, ಬೆಳಗ್ಗೆ ಹೆಗಲು ಕೊಡುತ್ತಿದ್ದರು. ಈಗ ಹಾರ್ಮೋನಿಯಮ್ ಕಪಾಟಿನಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಗೊತ್ತಿಲ್ಲ. ಹೋದ ವರ್ಷ ನಮ್ಮ ಪಕ್ಕದ ಮನೆಯ ಅಜ್ಜ ತೀರಿಕೊಂಡಾಗ ಮೊಬೈಲಿನಲ್ಲಿ ಕೈಮುಗಿದ ಚಿತ್ರ ಇನ್ನೂರು ಬಂದವು. ಹೆಗಲು ಕೊಡಲು ನಾಲ್ಕನೆಯವನು ಸಿಗಲಿಲ್ಲ, ಹಾಲು ಹಾಕುವ ಹುಡುಗನನ್ನು ಕರೆದೆವು. ಅವನು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಕ್ಯಾನು ನಮ್ಮ ಕಟ್ಟೆ ಮೇಲಿಟ್ಟು ಬಂದ.

ಬೇಸಿಗೆಗೆ ಮತ್ತೆ ಮಗನ ಹತ್ತಿರ ಹೋಗುವುದಾಗಿ ಪತ್ರದ ಕೊನೆಗೆ ಬರೆದಿದ್ದೀರಿ. ಹೋಗಿ ಬನ್ನಿ. ಈ ಸಲ ಚರ್ಚು ನೋಡುವುದು ಬೇಡ. ಮಗನ ಓಣಿಯಲ್ಲಿ ಒಬ್ಬಳೇ ಇರುವ ಮುದುಕಿ ಯಾರಾದರೂ ಇದ್ದೇ ಇರುತ್ತಾಳೆ. ವಾರಕ್ಕೊಮ್ಮೆ ಅವಳ ಬಾಗಿಲು ಬಡಿಯುವವರು ಯಾರು, ಅವರು ಎಲ್ಲಿಂದ ಬರುತ್ತಾರೆ ಅಂತ ಕೇಳಿಕೊಂಡು ಬನ್ನಿ. ಬರೆದು ಕಳಿಸಿದರೆ ಅಚ್ಚು ಹಾಕುತ್ತೇನೆ, ನನ್ನ ಮಾತು ಸುಳ್ಳಾದರೂ ಹಾಕುತ್ತೇನೆ. ಒಂದು ಪುಟ ಸಾಕು, ಜಾಸ್ತಿ ಬೇಡ. ಅಡುಗೆ ಅಂಕಣದವರು ಈಗಾಗಲೇ ಸಿಟ್ಟಾಗಿದ್ದಾರೆ.